ರೀಲಿನ ಸುತ್ತು

ಮಾಗಡಿ ತಾಲ್ಲೂಕಿನ ಕೆಂಪಾಪುರ ಚಿಕ್ಕ ಊರು. ೨೦೧೫ರಲ್ಲಿ ಅಲ್ಲಿ ಕೆಂಪೇಗೌಡರ ಸಮಾಧಿಯನ್ನು ಗುರುತಿಸಿದ ಮೇಲೆ ಅದರ ಹೆಸರು ನಾಡಿನವರ ಕಿವಿಗೆ ಬಿತ್ತು. ಆ ಊರಿನ ಜಗಲಿಯೊಂದರ ಮೇಲೆ ತಾತನೂ ಮೊಮ್ಮಗನೂ ಕುಳಿತಿರುವಂತೆ ಭಾವಿಸಿಕೊಳ್ಳಬಹುದು. ಕೈಯಲ್ಲಿ ಮೊಬೈಲು ಹಿಡಿದ ಹುಡುಗ, ‘ತಾತ, ಸಮಾಧಿ ತಾವ ಒಂದು ರೀಲು ಮಾಡ್ಕೊಂಡು ಬತ್ತೀನಿ’ ಎನ್ನುತ್ತಾನೆ. ತಾತನಿಗೆ ಸೋಜಿಗ. ಆತ ಬಲ್ಲ ರೀಲಿಗೆ ರೇಷ್ಮೆಗೂಡು ಬೇಕು, ಬಿಸಿನೀರು ಬೇಕು, ರಾಟೆ ಬೇಕು. ‘ಗೂಡೇ ಇಲ್ದೆ ಅದೇನ್ ರೀಲು ಬುಡ್ತೀಯಪ್ಪ?’ ಎಂದು ಕೇಳುತ್ತಾನೆ.

ಇಬ್ಬರ ಬಾಯಲ್ಲೂ ಬಂದದ್ದು ಒಂದೇ ಪದ. ಅರ್ಥಗಳಿಗೆ ಮಾತ್ರ ಅಜಗಜಾಂತರ. ಹಾಗಾದರೆ ಇಬ್ಬರಲ್ಲಿ ಯಾರ ರೀಲು ನಿಜವಾದುದು?

ನಿಘಂಟಿನ ತೀರ್ಪು ತಾತನ ಕಡೆಗಿದೆ. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಹ್ರೇಓಲ್’. ನೂಲನ್ನು ಸುತ್ತಿಕೊಳ್ಳುವ ಸಾಧನವೆಂಬುದೇ ಅದರ ಅರ್ಥ. ಕಾಲಕ್ರಮದಲ್ಲಿ ಮೊದಲಿನ ಹಕಾರ ಸವೆದುಹೋಗಿ ‘ರೀಲ್’ ಉಳಿಯಿತು. ಮೂಲದಲ್ಲಿ ಇದ್ದದ್ದು ದಾರ ಮತ್ತು ಸುತ್ತು, ಇವೆರಡೇ.

ಮುಂದೆ ಸುತ್ತಿನಿಂದ ಸುತ್ತು ಬೆಳೆಯಿತು. ನೂಲು ಗರಗರನೆ ತಿರುಗುವಂತೆ ತಲೆಯೂ ತಿರುಗುವುದುಂಟು. ಪೆಟ್ಟು ತಿಂದವನೋ ಕುಡಿದವನೋ ತೂರಾಡುವುದಕ್ಕೆ ಇಂಗ್ಲಿಷರು ಇದೇ ಪದವನ್ನು ಕ್ರಿಯಾಪದವಾಗಿ ಬಳಸಿದರು. ಸ್ಕಾಟ್ಲೆಂಡಿನಲ್ಲಿ ಜೋಡಿಗಳು ಒಬ್ಬರನ್ನೊಬ್ಬರು ಬಳಸಿ ಸುತ್ತುವ ಚುರುಕಾದ ಕುಣಿತಕ್ಕೂ ರೀಲ್ ಎಂದೇ ಹೆಸರು. ಬೆಸ್ತನ ಗಾಳದ ಕೋಲಿಗೆ ರೀಲು ಅಂಟಿಕೊಂಡಿತು. ಉಸಿರು ಬಿಡದೆ ಒಪ್ಪಿಸುವುದಕ್ಕೂ, ಸುತ್ತಿದ ನೂಲು ಸರಸರನೆ ಬಿಚ್ಚಿದ ಹಾಗೆ, ಇದೇ ಪದ ಒದಗಿತು. ಚಲನಚಿತ್ರ ಹುಟ್ಟಿದಾಗ ಫಿಲ್ಮಿನ ಸುರುಳಿಗೂ ಬೇರೆ ಹೆಸರು ಹುಡುಕಬೇಕಾಗಲಿಲ್ಲ.

ಕನ್ನಡಿಗರ ಮನೆಯಲ್ಲಿಯೂ ಈ ಪದ ಹಳೆಯ ನೆಂಟ. ಹೊಲಿಗೆ ಪೆಟ್ಟಿಗೆಯಲ್ಲಿ ದಾರದ ರೀಲು, ಕ್ಯಾಮೆರಾದಲ್ಲಿ ಮೂವತ್ತಾರು ಚಿತ್ರಗಳ ರೀಲು, ಟಾಕೀಸಿನಲ್ಲಿ ಸಿನಿಮಾ ರೀಲು. ಸಾವಿರ ಅಡಿಯ ಒಂದು ರೀಲು ಓಡುವುದು ಹನ್ನೊಂದು ನಿಮಿಷ. ಮೂರು ಗಂಟೆಯ ಚಿತ್ರಕ್ಕೆ ಹದಿನಾರು ಹದಿನೇಳು ರೀಲುಗಳಾದರೂ ಬೇಕು. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು ೧೯೭೫ರಲ್ಲಿ ತೆರೆಕಂಡ ‘ಶೋಲೆ’ಯಿಂದಾಗಿ, ರೇಷ್ಮೆಯ ರೀಲಿನ ಊರು ಸಿನಿಮಾ ರೀಲಿನ ಊರೂ ಆಯಿತು.

ಇದಕ್ಕೆಲ್ಲ ಮುಕುಟವಿಟ್ಟಂತೆ ಕನ್ನಡದ ಆಡುಮಾತಿನಲ್ಲಿ ಇನ್ನೊಂದು ಅರ್ಥವೂ ಸೇರಿಕೊಂಡಿತು. ಇಲ್ಲದ್ದನ್ನು ಇದ್ದಂತೆ ಕೊಚ್ಚಿಕೊಳ್ಳುವವನು ‘ರೀಲು ಬಿಡುತ್ತಾನೆ’. ಇಂಗ್ಲಿಷಿನ ನಿಘಂಟಿನಲ್ಲಿ ಈ ಅರ್ಥವನ್ನು ಹುಡುಕಿ ಫಲವಿಲ್ಲ. ‘ರೀಲೋ, ರಿಯಲ್ಲೋ?’ ಎಂಬ ಚಮತ್ಕಾರದ ಮಾತೂ ಹೊರಟಿತು. ಧ್ವನಿಯಲ್ಲಿ ಅವಳಿಗಳಂತಿದ್ದರೂ ಇವೆರಡಕ್ಕೂ ರಕ್ತಸಂಬಂಧವಿಲ್ಲ. ‘ರಿಯಲ್’ ಬಂದದ್ದು ವಸ್ತು ಎಂಬ ಅರ್ಥದ ಲ್ಯಾಟಿನ್ ಪದ ‘ರೇಸ್’ನಿಂದ. ೨೦೨೦ರಲ್ಲಿ ಇನ್‌ಸ್ಟಾಗ್ರಾಂ ತನ್ನ ಕಿರುಚಿತ್ರಗಳಿಗೆ ‘ರೀಲ್ಸ್’ ಎಂದು ಹೆಸರಿಟ್ಟಿತು. ಅದರಲ್ಲಿ ದಾರವೂ ಇಲ್ಲ, ಫಿಲ್ಮೂ ಇಲ್ಲ, ಸುತ್ತುವ ಗಾಲಿಯೂ ಇಲ್ಲ. ಹೆಸರು ಮಾತ್ರ ಉಳಿದಿದೆ.

ಆದರೆ ಪದದ ಮೊದಲ ಅರ್ಥ ಸತ್ತಿಲ್ಲ. ಅದನ್ನು ಬದುಕಿಸಿಟ್ಟವರು ರಾಮನಗರದ ಸೀಮೆಯ ನೂಲು ಬಿಚ್ಚಾಣಿಕೆದಾರರು. ಜನರ ಬಾಯಲ್ಲಿ ‘ರೀಲರು’ಗಳು. ಬೆಳೆಗಾರನು ಚಂದ್ರಿಕೆಯಿಂದ ಗೂಡು ಬಿಡಿಸಿ, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆಗೆ ತರುತ್ತಾನೆ. ತಡಮಾಡುವಂತಿಲ್ಲ, ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ತುಂಡಾದಂತೆಯೇ. ಹರಾಜಿನಲ್ಲಿ ಕೊಂಡ ಗೂಡನ್ನು ರೀಲರು ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಎಳೆಗಳನ್ನು ಅಂಟಿಸಿಟ್ಟ ಗೋಂದು ಆಗ ಸಡಿಲವಾಗುತ್ತದೆ. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸುಮಾರು ಒಂದು ಕಿಲೋಮೀಟರಿನಷ್ಟು ಉದ್ದದ ಎಳೆ ಇರುತ್ತದೆ. ಅಂಥ ಹಲವು ಗೂಡುಗಳ ಎಳೆ ಕೂಡಿದರೆ ಒಂದು ನೂಲು. ಒಂದು ಕಿಲೋ ನೂಲಿಗೆ ಆರರಿಂದ ಎಂಟು ಕಿಲೋ ಗೂಡು ಬೇಕು.

ಕೆಲವೆಡೆ ಸ್ವಯಂಚಾಲಿತ ಯಂತ್ರಗಳು ಬಂದಿವೆ, ನಿಜ. ಆದರೂ ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆಂದ ಬೆರಳುಗಳೇ ಈ ಕಸುಬಿನ ನಿಜವಾದ ಗುರುತು. ಬೆಳಗ್ಗೆ ಗೂಡು ಕೊಂಡ ಬೆಲೆಗೂ ಆಮೇಲೆ ನೂಲು ಮಾರುವ ಬೆಲೆಗೂ ನಡುವೆ ರೀಲರನ ಸಂಸಾರ ತೂಗುತ್ತಿರುತ್ತದೆ. ಗೂಡಿನ ಬೆಲೆ ಏರಿ ನೂಲಿನ ಬೆಲೆ ಇಳಿದ ದಿನ ಆತನ ತಲೆಯೂ ತಿರುಗುತ್ತದೆ. ಆಗ ಇಂಗ್ಲಿಷಿನ ಎರಡನೆಯ ಅರ್ಥವೂ ಅವನಿಗೆ ಅನುಭವವಾಗುತ್ತದೆ. ಮದುವೆಯ ಮನೆಯಲ್ಲಿ ರೇಷ್ಮೆ ಸೀರೆಯ ಸೆರಗನ್ನು ಸವರಿ ನೋಡುವವರಿಗೆ ಈ ಬೆರಳುಗಳ ನೆನಪು ಬಾರದು.

ಇನ್ನು ಕೆಂಪಾಪುರದ ಜಗಲಿಯ ವ್ಯಾಜ್ಯ. ಮೊಮ್ಮಗನನ್ನು ಸುಳ್ಳುಗಾರನೆನ್ನುವಂತಿಲ್ಲ, ಪದಗಳು ಬೆಳೆಯುವುದೇ ಹಾಗೆ. ತಾತನನ್ನು ಹಳಬನೆಂದು ತಳ್ಳುವಂತೆಯೂ ಇಲ್ಲ. ಹುಡುಗನು ಒಮ್ಮೆ ರೀಲರ ಮನೆಗೆ ಹೋಗಿ, ಉಗಿಯಾಡುವ ಬಾಣಲೆಯ ಮುಂದೆ ಕುಳಿತ ಹೆಂಗಸಿನ ಕೈಗಳನ್ನು ಆಕೆಯ ಒಪ್ಪಿಗೆ ಪಡೆದು ಚಿತ್ರಿಸಿಕೊಂಡು ಬಂದರೆ ವ್ಯಾಜ್ಯ ತಾನಾಗಿ ತೀರುತ್ತದೆ. ಆಗ ಅವನು ಮಾಡಿದ್ದೂ ರೀಲೇ, ಆಕೆ ಮಾಡಿದ್ದೂ ರೀಲೇ. ಅದನ್ನು ನೋಡಿದ ತಾತನು, ‘ಇದು ಬುಟ್ಟ ರೀಲಲ್ಲ ಕಣಪ್ಪ, ಸುತ್ತಿದ ರೀಲು’ ಎಂದಾನು.