ರಾಗಿ ಮಾರಿ ಡಬ್ಬಿ ತರುವುದೇಕೆ?



ಸುಗ್ಗಿ ಮುಗಿದೊಡನೆ ರಾಗಿ ಚೀಲಗಳು ಮಾರಾಟಕ್ಕೆ ಹೋಗುತ್ತವೆ. ಬಂದ ಹಣದಲ್ಲಿ ಮಕ್ಕಳಿಗೆಂದು ಬಣ್ಣದ ಡಬ್ಬಿಯ ಪುಡಿ ಮನೆಗೆ ಬರುತ್ತದೆ. ಇತ್ತ ಮನೆಯ ಹೆಣ್ಣುಮಕ್ಕಳು ಬರಿಯ ಟೀ ಕುಡಿದು ಕಳೆ ತೆಗೆಯಲು ಹೊಲಕ್ಕೆ ಇಳಿಯುತ್ತಾರೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವುದೆಂದರೆ ಇದೇ ಅಲ್ಲವೆ?

ಡಬ್ಬಿಯ ಹಿಂಬದಿಯನ್ನು ಒಮ್ಮೆ ಓದಿ ನೋಡಿ. ಯಾವ ಪದಾರ್ಥ ಹೆಚ್ಚು ತೂಕದ್ದೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಕ್ಕರೆ ಎಷ್ಟನೆಯದೆಂದು ಎಣಿಸಿ. ಇಂಥ ಪೇಯಗಳನ್ನು ‘ಆರೋಗ್ಯ ಪೇಯ’ಗಳ ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. 2006ರ ಆಹಾರ ಸುರಕ್ಷತಾ ಕಾಯಿದೆಯಲ್ಲಿ ಅಂಥ ವರ್ಗವೇ ಇಲ್ಲ.

ಬೆಳಗಿನ ಒಂದು ಹೊತ್ತಿನ ಊಟಕ್ಕೆ ಸಮನಾದ ಪೇಯವನ್ನು ನಿಮ್ಮ ಕಣದ ಕಾಳಿನಿಂದಲೇ ಮಾಡಬಹುದು. 2 ಕಿಲೋ ರಾಗಿಯನ್ನು ಕಲ್ಲು ಆರಿಸಿ, ತೊಳೆದು, 12 ಗಂಟೆ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. 1 ಕಿಲೋ ಹೆಸರುಕಾಳನ್ನೂ ಬೇರೆಯಾಗಿ ಹೀಗೆಯೇ ಮೊಳೆಯಿಸಿ. ಎರಡನ್ನೂ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಉಜ್ಜಿ ಮೊಳಕೆ ಉದುರಿಸಿ, ಹದವಾಗಿ ಹುರಿದು ಮಿಲ್ಲಿಗೆ ಹಾಕಿಸಿ. ರಾಗಿಯನ್ನು ಕಂದುವಷ್ಟು ಹುರಿಯಬಾರದು. ಹುರಿದ ಕಡಲೆಕಾಯಿ ಬೀಜವನ್ನು ಮಾತ್ರ ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ ಬೇರೆ ಇಡಿ. ಹಿಟ್ಟಿಗೆ ಬೆರೆಸಿಟ್ಟರೆ ಎಣ್ಣೆಯಂಶದಿಂದ ಬೇಗ ಕಮಟು ಬರುತ್ತದೆ.

ಮೊಳೆಯಿಸುವ ಶ್ರಮ ಏಕೆಂದು ಕೇಳಬಹುದು. ಮೊಳೆತ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆದು ಗಂಜಿಯನ್ನು ತೆಳ್ಳಗೆ ಮಾಡುತ್ತದೆ. ಬರಿಯ ಹಿಟ್ಟಾದರೆ ಗಟ್ಟಿಯಾಗಿಬಿಡುವಷ್ಟನ್ನು ಹಾಕಿದರೂ ಕುಡಿಯುವ ಹದದಲ್ಲೇ ಉಳಿಯುತ್ತದೆ. ರಾಗಿಯ ಸುಣ್ಣದಂಶ ಮತ್ತು ಕಬ್ಬಿಣ ಮೈಗೆ ಹತ್ತುವುದೂ ಹೆಚ್ಚುತ್ತದೆ. ರಾಗಿಯ ಸಸಾರಜನಕದಲ್ಲಿ ಲೈಸಿನ್ ಕಡಿಮೆ. ಹೆಸರುಕಾಳು ಆ ಕೊರತೆಯನ್ನು ತುಂಬುತ್ತದೆ.

ಒಬ್ಬರಿಗೆ 60 ಗ್ರಾಂ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೈಯಾಡಿಸುತ್ತ ಚೆನ್ನಾಗಿ ಕುದಿಸಿ. 15 ಗ್ರಾಂ ಕಡಲೆಕಾಯಿ ಪುಡಿ, ಅಷ್ಟೇ ಬೆಲ್ಲ, 150 ಮಿಲಿ ಹಾಲು ಬೆರೆಸಿ. ಸುಮಾರು 440 ಕ್ಯಾಲೊರಿ, 16 ಗ್ರಾಂ ಸಸಾರಜನಕ ದೊರೆಯುತ್ತದೆ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಬೇಕು. ಅವರು ಗಂಜಿ ಆರಿದ ಮೇಲೆ ಹಾಲಿನ ಬದಲು ಮಜ್ಜಿಗೆ, ಉಪ್ಪು ಬೆರೆಸಿಕೊಳ್ಳಲಿ. ರಾಗಿಯಲ್ಲೂ ಪಿಷ್ಟವಿದೆ, ಆದ್ದರಿಂದ ಅಳತೆ ಮೀರದಿರಲಿ.

ಖರ್ಚಿನ ಮಾತು. 2025–26ರ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ ಇತ್ತು. ಆ ಬೆಲೆಯಲ್ಲಿ ಒಂದು ಲೋಟಕ್ಕೆ ಹಿಡಿಯುವ 40 ಗ್ರಾಂ ರಾಗಿಗೆ ಎರಡು ರೂಪಾಯಿಯೂ ಆಗುವುದಿಲ್ಲ.

ಎಚ್ಚರಿಕೆಗಳು ಮೂರು. ಬಿತ್ತನೆಗೆಂದು ಔಷಧಿ ಲೇಪಿಸಿದ ಕಾಳನ್ನು ಎಂದಿಗೂ ಬಳಸಬಾರದು. ತೊಳೆದರೂ ವಿಷ ಹೋಗುವುದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು, ಹುರಿದರೂ ಅದು ಪೂರ್ತಿ ನಾಶವಾಗದು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೊಂದೇ ಸಾಕು.

ಇದು ಒಂದು ಹೊತ್ತಿಗೆ ಮಾತ್ರ. ಮಧ್ಯಾಹ್ನದ ಮುದ್ದೆ, ಸೊಪ್ಪಿನ ಸಾರು, ಹಣ್ಣು ಬಿಡಬಾರದು. ಐದು ಜನರ ಮನೆಗೆ ವರ್ಷಕ್ಕೆ ಸುಮಾರು 80 ಕಿಲೋ ರಾಗಿ, 40 ಕಿಲೋ ಹೆಸರುಕಾಳು ಬೇಕು. ಮುಂಗಾರಿನಲ್ಲಿ ಒಂದಿಷ್ಟು ಹೆಸರು ಬಿತ್ತಿ. ಹುಳದ ಕಾಟ ಕಡಿಮೆಯಿರುವ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಮನೆಯ ಪಾಲನ್ನು ಮೊದಲು ಅಳೆದಿಟ್ಟು, ಮಿಕ್ಕದ್ದನ್ನು ಮಾರಿ. ಮೊದಲ ಲೋಟ ಹೊಲಕ್ಕೆ ಹೊರಟ ಹೆಂಗಸರಿಗೆ ಸಲ್ಲಲಿ.