ಒತ್ತಕ್ಷರ ಒಡೆಯುವ ಸಾಫ್ಟ್‌ವೇರ್‌ಗೆ ದುಡ್ಡು ಸುರಿಯಬೇಡಿ!

ಗೆಳೆಯರೇ, ಮೊಬೈಲ್ ಆ್ಯಪ್‌ನಲ್ಲಿ ಕತ್ತರಿಸಿ ಅಂಟಿಸಿದ್ದು ಸಾಕು, ವಿಡಿಯೋಗೆ ದೊಡ್ಡ ಸಾಫ್ಟ್‌ವೇರ್ ಬೇಕು ಅಂತೀರಿ. ಸಂತೋಷ. ಪೇಟೆಯಲ್ಲಿ ಕೇಳಿದರೆ ಪ್ರೀಮಿಯರ್ ಅನ್ನುತ್ತಾರೆ. ಅದು ಬಾಡಿಗೆ ಲೆಕ್ಕ. ಬಾಡಿಗೆ ನಿಂತರೆ ಅಂಗಡಿಗೆ ಬೀಗ!

ದುಡ್ಡಿಗೆ ಮೊದಲು ಒಂದು ಪರೀಕ್ಷೆ ಮಾಡಿ. ಟೈಟಲ್‌ನಲ್ಲಿ ‘ರಾಷ್ಟ್ರ’, ‘ಸ್ತ್ರೀ’, ‘ಸೂರ್ಯ’ ಎಂದು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಒತ್ತು ಪಕ್ಕಕ್ಕೆ ಹಾರಿತೇ? ಅರ್ಕಾವತ್ತು ಕಳಚಿತೇ? ಪ್ರೀಮಿಯರ್ ಆದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಇದೆ, ಅದನ್ನು ಒತ್ತಿದರೆ ಅಕ್ಷರ ಕೂಡುತ್ತದೆ. ಇಷ್ಟು ಗೊತ್ತಿಲ್ಲದೆ ಎಷ್ಟೋ ಜನ ಮುರಿದ ಕನ್ನಡವನ್ನೇ ಊರಿಗೆಲ್ಲ ಹಂಚುತ್ತಿದ್ದಾರೆ. ಮೊಳೆ ಜೋಡಿಸುತ್ತಿದ್ದ ಹಿರಿಯರು ನೋಡಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದರು.

ಕೆಡೆನ್‌ಲೈವ್ ಪೂರ್ತಿ ಪುಕ್ಕಟೆ, ಸಾಧಾರಣ ಕಂಪ್ಯೂಟರಿಗೂ ಸಾಕು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಬಣ್ಣದ ಕೆಲಸ ಬಲು ಅಚ್ಚುಕಟ್ಟು, ಅಲ್ಟ್ರಾ ಎಚ್‌ಡಿವರೆಗೂ ವಿಡಿಯೋ ತೆಗೆಯಬಹುದು. ಆದರೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಮೊಂಡು ಎತ್ತಿನಂತೆ ಮಲಗಿಬಿಡುತ್ತದೆ.

ಇನ್ನೊಂದು ಮಾತು, ಪೆಟ್ಟು ತಿಂದವನದು. ನನ್ನ ಪ್ರೆಸ್‌ನಲ್ಲಿ ಪುಟ ಕಟ್ಟಲು ಒಂದೇ ಸಾಫ್ಟ್‌ವೇರ್ ನಂಬಿ ಕೂತಿದ್ದೆ. ಅದು ನಿಂತುಹೋಯಿತು. ಆ ಹಳೇ ಫೈಲುಗಳನ್ನು ತೆರೆಯಲೆಂದೇ ಮೂಲೆಯಲ್ಲಿ ಒಂದು ಮುದಿ ಕಂಪ್ಯೂಟರ್ ಸಾಕುತ್ತಿದ್ದೇನೆ! ನೀವು ಕತ್ತರಿಸಿದ ಟೈಮ್‌ಲೈನ್ ಎಕ್ಸ್‌ಎಂಎಲ್ ಆಗಿ ಹೊರಗೆ ಬರುತ್ತದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ. ಪ್ರೀಮಿಯರ್, ರಿಸಾಲ್ವ್ ಎರಡರಲ್ಲೂ ಬರುತ್ತದೆ. ಕೆಡೆನ್‌ಲೈವ್‌ನ ಪ್ರಾಜೆಕ್ಟ್ ಫೈಲೇ ಎಕ್ಸ್‌ಎಂಎಲ್. ಮೂಲ ಫೂಟೇಜನ್ನು ಮಾತ್ರ ಜಾಗ ಸಾಲದೆಂದು ಅಳಿಸಬೇಡಿ.