ಬಂಡೆಯಲ್ಲಿ ಏನಿದೆ ಅಂತೀರಾ?

"ಅದು ಬರೀ ಪಾರೆ ಮಾಸ್ಟ್ರೇ, ಅಲ್ಲಿ ಏನುಂಟು?" ಕಪ್ಪುಕಲ್ಲಿನ ಕೋರೆಯ ಮಾತು ಬಂದಾಗಲೆಲ್ಲ ನಮಗೆ ಸಿಗುವ ಉತ್ತರ ಇದು. ಮರ ಕಡಿದರೆ ಭಾಷಣ ಮಾಡುವವರೂ ಬಂಡೆ ಒಡೆದರೆ ಸುಮ್ಮನಿರುತ್ತಾರೆ. ಬಂಡೆಗೆ ಜೀವವಿಲ್ಲ, ಒಪ್ಪಿದೆವು. ಬಂಡೆಯಲ್ಲಿ ಜೀವವಿಲ್ಲವೇ?

ನಮ್ಮದೇ ಕೇರಳದ ವಯನಾಡಿನ ಹೆಸರು ಹೊತ್ತ ಹಲ್ಲಿಯೊಂದಿದೆ. 1870ರಲ್ಲಿ ಬೆಡ್ಡೋಮ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಲೋಕಕ್ಕೆ ಪರಿಚಯಿಸಿದರು. ವೈಜ್ಞಾನಿಕ ಹೆಸರು ನೆಮಾಸ್ಪಿಸ್ ವಯನಾಡೆನ್ಸಿಸ್. ನಾವು ಕಲ್ಲುಹಲ್ಲಿ ಎನ್ನೋಣ. ಬೆರಳುದ್ದದ ಪ್ರಾಣಿ, ಬಂಡೆಯದೇ ಬಣ್ಣ. ನಮ್ಮ ಶಾಲೆಯ ಗೋಡೆಯಲ್ಲಿ ಲೊಚಗುಟ್ಟುವ ಹಲ್ಲಿಯ ಬೆರಳಡಿಯಲ್ಲಿ ನುಣ್ಣನೆ ಗೋಡೆಯನ್ನೂ ಹಿಡಿಯುವ ಅಗಲ ಪಟ್ಟಿಗಳಿವೆ. ಇದಕ್ಕೆ ಅದಿಲ್ಲ. ಸಪೂರ ಬೆರಳು, ತುದಿಗೆ ಉಗುರು, ಅಷ್ಟೇ. ಕಣ್ಣಪಾಪೆ ದುಂಡಗೆ, ಬೇಟೆ ಹಗಲಲ್ಲಿ. ಕಾಡಿನ ನೆರಳು, ತೇವ, ಒರಟು ಬಂಡೆ, ಮರದ ಕಾಂಡ, ಮೊಟ್ಟೆಯಿಡಲು ಒಂದು ಬಿರುಕು... ಇಷ್ಟು ಇದ್ದರೆ ಮಾತ್ರ ಅದರ ಸಂಸಾರ. ಬಂಡೆ ಹೋದರೆ ನಮ್ಮ ಗೋಡೆಗೆ ಬಂದು ಬದುಕುವ ಜಾತಿಯಲ್ಲ.

ಈ ಬಳಗದ ಹಲವು ಹಲ್ಲಿಗಳು ಒಂದೆರಡು ಬೆಟ್ಟಗಳಿಗಷ್ಟೇ ಸೀಮಿತ. 2021ರಲ್ಲಿ ಒಂದೇ ಪ್ರಬಂಧದಲ್ಲಿ ಪಶ್ಚಿಮ ಘಟ್ಟದ 12 ಹೊಸ ಜಾತಿಗಳನ್ನು ವಿಜ್ಞಾನಿಗಳು ಹೆಸರಿಸಿದರು. ಹೆಸರಿಡುವ ಮೊದಲೇ ಜಲ್ಲಿಯ ಲಾರಿ ಹತ್ತಿದವು ಎಷ್ಟೋ, ಯಾರು ಬಲ್ಲರು?

ಕೋರೆ ಎಷ್ಟು ದೂರವಿರಬೇಕು ಎಂದು ನಿಯಮ ಅಳೆಯುವುದು ಮನುಷ್ಯರ ಮನೆಯಿಂದ. ಕೇರಳದಲ್ಲಿ 2017ರಲ್ಲಿ ಅದನ್ನೂ 100 ಮೀಟರಿನಿಂದ 50ಕ್ಕೆ ಇಳಿಸಿದರು. ಬಂಡೆಯೇ ಮನೆಯಾದವರಿಗೆ ಎಷ್ಟು ಮೀಟರ್, ಸ್ವಾಮಿ?

"ಹಾಗಾದರೆ ನಿಮ್ಮ ಶಾಲೆಯ ಕಟ್ಟಡಕ್ಕೆ ಜಲ್ಲಿ ಎಲ್ಲಿಂದ?" ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಎಲ್ಲ ಕೋರೆ ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಘಟ್ಟದ ಕಾಡಂಚಿನಲ್ಲಿ ಮದ್ದು ಇಡುವ ಮೊದಲು ಆ ಬಂಡೆಯಲ್ಲಿ ಯಾರಿದ್ದಾರೆ ಎಂದು ತಿಳಿದವರಿಂದ ನೋಡಿಸಿ, ಇದ್ದರೆ ಬಿಟ್ಟುಬಿಡಿ ಎನ್ನುತ್ತಿದ್ದೇವೆ.

ತಪ್ಪು ನಮ್ಮಲ್ಲೂ ಇದೆ. ನಿರ್ಜೀವ ವಸ್ತುವಿಗೆ ಉದಾಹರಣೆ ಕೊಡಿ ಎಂದರೆ ಮಕ್ಕಳು "ಕಲ್ಲು" ಎಂದು ಬರೆಯುತ್ತಾರೆ, ನಾವು ಮಾರ್ಕು ಹಾಕಿ ಪುಟ ತಿರುವುತ್ತೇವೆ. ಆ ಕಲ್ಲಿನ ಬಿರುಕಿನಲ್ಲಿ ಏನಿದೆ, ನೋಡಿ ಬಾ ಎಂದು ಕಳಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಇದೇ ಮಕ್ಕಳು ನಾಳೆ ಪಂಚಾಯತಿನಲ್ಲಿ ಕುಳಿತು ಕೋರೆಯ ಲೈಸೆನ್ಸಿಗೆ ಕೈಯೆತ್ತುವವರು. ಅಂದು ಅವರೂ "ಬರೀ ಪಾರೆ" ಎಂದರೆ, ಆ ಪಾಠ ಕಲಿಸಿದವರು ನಾವೇ.